ಹಾಡಿನ ಪೆಟ್ಟಿಗೆ ಆನ್ ಮಾಡುವ ಮುನ್ನ

ಮುನೇಶಣ್ಣಾ,

ನೀನು ಹಾಲು ತರಲು ಹೋಗಿದ್ದೀಯ, ನನಗೆ ಮಾಲೂರಿಗೆ ಪರೀಕ್ಷೆಗೆ ಹೊತ್ತಾಯಿತು. ಚಿತ್ರಾನ್ನ ಮುಚ್ಚಿಟ್ಟಿದ್ದೇನೆ, ತಿಂದು ಹೋಟೆಲ್ ತೆಗೆ.

ಇವತ್ತು ಹೋಟೆಲಿನ ಹಾಡಿನ ಪೆಟ್ಟಿಗೆಯ ಕಂಪ್ಯೂಟರ್ ನೀನೇ ಆನ್ ಮಾಡಬೇಕು. ಹಾಡಿನ ಪಟ್ಟಿ ತಾನಾಗಿ ಬರುತ್ತದೆ. ಗಿರಾಕಿ ಕೇಳಿದ ಹಾಡಿನ ನಂಬರು ಒತ್ತು, ಒಂದಾದ ಮೇಲೊಂದು ಹಾಡುತ್ತದೆ. ಕೀಬೋರ್ಡಿನ ಹತ್ತಿರ ಟೀ ಲೋಟ ಇಡಲು ಯಾರನ್ನೂ ಬಿಡಬೇಡ. ಕರೆಂಟು ಹೋದರೆ ಯುಪಿಎಸ್ ಕೂಗುತ್ತದೆ, ಗಾಬರಿಯಾಗದೆ ನಾನು ತೋರಿಸಿದ ಹಾಗೆ ಆಫ್ ಮಾಡು.

ನಿನ್ನೆ ಟೀ ಕುಡಿಯಲು ಬಂದ ವೆಂಕಟರಮಣಪ್ಪ ಮಾವ ಹಾಡಿನ ಪೆಟ್ಟಿಗೆ ನೋಡಿ, "ಯಾರಪ್ಪಾ ಇದನ್ನ ಮಾಡಿದ್ದು?" ಎಂದು ಕೇಳಿದಾಗ ನೀನು, "ಬೆಂಗ್ಳೂರಿಂದ ತರಿಸ್ದೆ ಮಾವ" ಎಂದೆ. ನಾನು ಹಿಂದೆಯೇ ಲೋಟ ತೊಳೆಯುತ್ತಿದ್ದೆ. ಆಮೇಲೆ ನಾನು ಕೇಳಿದ್ದಕ್ಕೆ ನೀನು, "ಹುಡುಗಿ ಮಾಡಿದ್ದು ಅಂದ್ರೆ ಯಾರು ನಂಬ್ತಾರೆ ಕಣೇ" ಎಂದೆ. ಹಾಡು ಹಾಡಿಸುವ ಆ ಪ್ರೋಗ್ರಾಂ ಬರೆಯಲು ನನಗೆ ಇಡೀ ಬೇಸಿಗೆ ಹಿಡಿಯಿತು. ನೀನೇ ಪಕ್ಕದಲ್ಲಿ ಕೂತು ಹಾಡು ಆರಿಸಿ, ಕ್ಯಾಸೆಟ್ಟಿನ ಮೇಲಿನ ಹೆಸರುಗಳನ್ನು ಓದಿ ಹೇಳಿದ್ದೆ.

ಇವತ್ತಿನಿಂದ ಪರದೆಯ ಮೇಲೆ ಪಟ್ಟಿಗಿಂತ ಮೊದಲು ದೊಡ್ಡ ಅಕ್ಷರದಲ್ಲಿ "ಮಾಡಿದವಳು ಮುನಿಲಕ್ಷ್ಮಿ, ಟೇಕಲ್" ಎಂದು ಬರುತ್ತದೆ. ಕೆಳಗೆ "ಹಾಡು ಆರಿಸಿದವನು ಅವಳ ಅಣ್ಣ ಮುನೇಶ್" ಎಂದೂ ಹಾಕಿದ್ದೇನೆ. ಅಳಿಸುವುದು ಹೇಗೆಂದು ಕೇಳಬೇಡ, ಹೇಳಿಕೊಡುವುದಿಲ್ಲ.

ಮುನಿಲಕ್ಷ್ಮಿ