ಗುಡ್ಡದ ಬೀಗ ಮತ್ತು ಇಪ್ಪತ್ತೊಂಬತ್ತನೆಯ ಸಂಜೆಯ ಚಂದ್ರ

ಹಾಗಾದರೆ ನಿನ್ನೆ ನಿಮ್ಮ ಕಚೇರಿಯಲ್ಲಿ ಅರ್ಧಕ್ಕೆ ನಿಂತ ಮಾತನ್ನೇ ಮುಂದುವರಿಸುತ್ತೇನೆ, ಉದ್ಯಾನದ ಮಾನ್ಯ ಅಧಿಕಾರಿಗಳೇ. ಔರಾದ ರಸ್ತೆಯ ನಮ್ಮ ಗುಡ್ಡವನ್ನು ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಿದಿರಿ, ತಂತಿಬೇಲಿ ಹಾಕಿದಿರಿ, ಈಗ ಅದರ ಮೇಲೆ ‘ನಕ್ಷತ್ರ ವೀಕ್ಷಣೆ’ ನಡೆಸುತ್ತಿದ್ದೀರಿ. ಸಂತೋಷ. ಆದರೆ ಗೇಟು ತೆರೆಯುವುದು ಏಳೂವರೆಗೆ. ರಂಜಾನಿನ ಇಪ್ಪತ್ತೊಂಬತ್ತನೆಯ ಸಂಜೆ ಹೊಸ ಚಂದ್ರ ಕಾಣುವುದು ಸೂರ್ಯ ಮುಳುಗಿದ ಮೇಲೆ ಹೆಚ್ಚೆಂದರೆ ಮುಕ್ಕಾಲು ಗಂಟೆ. ನೀವು ಬೀಗ ತೆಗೆಯುವ ಹೊತ್ತಿಗೆ ಅವನು ಮನೆಗೆ ಹೋಗಿರುತ್ತಾನೆ. ನಮ್ಮ ಊರು ಮುತ್ತಜ್ಜರ ಕಾಲದಿಂದ ಚಂದ್ರನನ್ನು ಕಂಡದ್ದು ಆ ಗುಡ್ಡದಿಂದಲೇ. ಕೆಳಗೆ ಊರೊಳಗೆ ಪಶ್ಚಿಮಕ್ಕೆ ಬೇವಿನ ಮರಗಳು ಅಡ್ಡ, ಅವುಗಳಾಚೆ ನೀರಿನ ಟ್ಯಾಂಕು ಅಡ್ಡ.

ನಿನ್ನೆ ಇದನ್ನೇ ಹೇಳಿದೆ. ನೀವು ಕಡತದಿಂದ ತಲೆ ಎತ್ತದೆ, “ಎಲ್ಲಾ ಮೊಬೈಲ್‌ನಲ್ಲಿ ಬರುತ್ತಲ್ಲ ಯಜಮಾನರೇ, ಅಲ್ಲೇ ನೋಡ್ಕೊಳ್ಳಿ” ಎಂದಿರಿ. ನಕ್ಷತ್ರಗಳೂ ಮೊಬೈಲಿನಲ್ಲಿ ಬರುತ್ತವೆ, ಸ್ವಾಮಿ. ಮತ್ತೆ ಬೀದರಿನಿಂದ ಬಸ್ಸು ತುಂಬಿ ಜನರನ್ನು ತಂದು ದುರ್ಬೀನಿಗೆ ಕಣ್ಣು ಹಚ್ಚಿಸುವುದೇಕೆ? ಆ ಸಂಜೆ ಚಂದ್ರ ಕಂಡರೆ ಮರುದಿನವೇ ಈದ್, ಇಲ್ಲದಿದ್ದರೆ ಇನ್ನೊಂದು ಉಪವಾಸ. ನಮ್ಮಲ್ಲಿ ಈದ್ ಸಾರಲು ಕಣ್ಣಾರೆ ಕಂಡವರು ಮಸೀದಿಗೆ ಹೋಗಿ ಗವಾಹಿ, ಅಂದರೆ ಸಾಕ್ಷಿ, ಹೇಳಬೇಕು. ನಿಮ್ಮ ಮೊಬೈಲು ಬಂದು ಆಣೆ ಮಾಡಿ ಹೇಳುತ್ತದೆಯೇ?

ನಮ್ಮ ಮನೆಯಿಂದ ಆ ಸಾಕ್ಷಿಯನ್ನು ನನ್ನ ಹೆಂಡತಿ ಕುಲಸುಮಬೀ ಹೇಳುತ್ತಿದ್ದಳು, ಜೊತೆಗೆ ನಾನೂ. ಮೂವತ್ತೊಂದು ವರ್ಷ ಅವಳ ಕಣ್ಣಿಗೇ ಮೊದಲು ಚಂದ್ರ ಬಿದ್ದದ್ದು. ಆಮೇಲೆ ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದಳು.

“ಆ ಜಾಲಿ ಟೊಂಗಿ ಮ್ಯಾಲ ನೋಡ್ರಿ, ಕತ್ತರಿಸಿದ ಉಗುರಿನಂಗ ಅದ.”

“ಹಾಂ, ಕಂಡ್ತು, ಕಂಡ್ತು.”

“ಖರೇ ಕಂಡ್ತೇನ್ರಿ? ಮೊನ್ನಿ ನನ್ನ ಹೊಸಾ ಸೀರಿನೂ ನೋಡದೇನ ಕಂಡ್ತು ಅಂದಿದ್ರಿ. ನನ್ನ ಮಾತ ಕೇಳಿ ಸುಳ್ಳ ಗವಾಹಿ ಕೊಡಬ್ಯಾಡ್ರಿ.”

ನಿಜವಾಗಿ ಕಾಣುವ ತನಕ ಗದ್ದ ಬಿಡುತ್ತಿರಲಿಲ್ಲ. ಕೊರಳು ನೋಯುತ್ತಿತ್ತು. ಅವಳು ಹೋಗಿ ಎರಡು ವರ್ಷವಾಯಿತು.

ಕಳೆದ ವರ್ಷ ಇದೇ ಸಂಜೆಗೆ ನೀವು ‘ಚಂದ್ರದರ್ಶನ ವಿಶೇಷ’ ಎಂದು ಫಲಕ ಹಾಕಿದಿರಿ. ಸಮಯ ಎಂಟು ಗಂಟೆ. ಇಫ್ತಾರಿನ ಖರ್ಜೂರ ಬಾಯಲ್ಲಿರುವಾಗಲೇ ಓಡಿ ಬಂದು ಗೇಟಿಗೆ ನಿಂತೆ, ಸಾಲಿನಲ್ಲಿ ಮೊದಲನೆಯವನಾಗಿ. ಒಳಗೆ ಬಿಟ್ಟ ಮೇಲೆ ನಿಮ್ಮ ಮಾರ್ಗದರ್ಶಕ ಹಸಿರು ಬೆಳಕಿನ ಕಡ್ಡಿಯನ್ನು ಖಾಲಿ ಪಶ್ಚಿಮದತ್ತ ತೋರಿಸಿ, “ಚಂದ್ರ ಇಲ್ಲಿ ಇದ್ದ, ಈಗ ಗುರು ಗ್ರಹ ನೋಡೋಣ” ಎಂದ. ಜನ ಚಪ್ಪಾಳೆ ತಟ್ಟಿದರು. ಆಕಾಶ ತೋರಿಸುವ ಇಲಾಖೆಗೆ ಚಂದ್ರ ಮುಳುಗುವ ಹೊತ್ತು ಗೊತ್ತಿಲ್ಲವೆಂದರೆ ಅದನ್ನು ಅಜ್ಞಾನ ಎನ್ನಲೇ, ವೇಳಾಪಟ್ಟಿ ಎನ್ನಲೇ? ಆ ರಾತ್ರಿ ಮಸೀದಿಯಲ್ಲಿ ಮೌಲಾನಾ ಖಾಜಾ ಮಿಯಾ, “ಬದ್ರೋದ್ದೀನಭಾಯಿ, ನಿಮ್ಮ ಮನಿಯಿಂದ ಗವಾಹಿ?” ಎಂದು ಕೇಳಿದರು. ನಮ್ಮ ಮನೆಯಿಂದ ಏನೂ ಇರಲಿಲ್ಲ.

ಭಾಲ್ಕಿ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಜಿಯನ್ನು ‘ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಬೇಕು. ಮುಂದಿನದು ಮರೆತಿದೆ, ಬೇಡುವ ಮನಸ್ಸೂ ಉಳಿದಿಲ್ಲ. ಆದ್ದರಿಂದ ಕನ್ನಡದಲ್ಲೇ ಕೇಳುತ್ತೇನೆ: ಪ್ರತಿ ಚಾಂದ್ರಮಾಸದ ಇಪ್ಪತ್ತೊಂಬತ್ತನೆಯ ಸಂಜೆ ಸೂರ್ಯ ಮುಳುಗುವ ಮೊದಲೇ ಆ ಗೇಟು ತೆರೆದಿರಬೇಕು. ನಮಗೆ ಮಾರ್ಗದರ್ಶಕ ಬೇಡ, ದುರ್ಬೀನು ಬೇಡ. ನನ್ನ ಎಡಗಣ್ಣಿಗೆ ಪೊರೆ ಬಂದಿದೆ. ಬಲಗಣ್ಣು ಇನ್ನೆಷ್ಟು ಇಪ್ಪತ್ತೊಂಬತ್ತು ಕೊಡುತ್ತದೋ.

ಇದನ್ನು ನಿಮ್ಮ ಗೇಟಿನೆದುರಿನ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತು ರಂಜಾನಿನ ಇಪ್ಪತ್ತೊಂಬತ್ತು. ಕಾವಲುಗಾರ ಅಮೋಸ ಈಗಷ್ಟೇ, “ಚಾಚಾ, ಹೊತ್ತ ಮುಳಗ್ಲಿಕತ್ತದ, ಮನಿಗಿ ಹೋಗ್ರಿ. ಚಾವಿ ಸಾಹೇಬರ ಬಲ್ಲಿ ಅದ” ಎಂದ. ಅವನ ತಪ್ಪಿಲ್ಲ, ನಾನು ಮನೆಗೇ ಹೊರಟೆ ಎಂದುಕೊಂಡಿದ್ದಾನೆ. ಕಾಗದದ ಮೇಲೆ ಅಕ್ಷರಗಳು ಮಸುಕಾಗುತ್ತಿವೆ. ಕೆರೆಯ ಕಡೆ ಬೇಲಿಯ ಕೆಳಗಿನ ತಂತಿ ಸಡಿಲಾಗಿದೆ, ಎದ್ದೆ. ನನ್ನ ಮೇಲೆ ದೂರು ದಾಖಲಿಸುವುದಿದ್ದರೆ, ಮೊದಲು ಮಸೀದಿಯಲ್ಲಿ ನನ್ನ ಸಾಕ್ಷಿ ಮುಗಿಯಲಿ.

ಇಂತಿ,
ನೀವು ಇದನ್ನು ಓದುವ ಮೊದಲೇ ನಿಮ್ಮ ಬೇಲಿಯ ಒಳಗೆ ಹೋಗಿಬಂದಿರುವ,
ಕುಲಸುಮಬೀಯ ಗಂಡ ಬದ್ರೋದ್ದೀನ