ತಿಜೋರಿಯೊಳಗಿನ ಅಜ್ಜಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಅಂತ ಊಟ ಬಿಡಬೇಡ. ನರ್ಸಮ್ಮನೇ ಮಲಗಿಬಿಟ್ಟರೆ ರೋಗಿಗಳನ್ನು ನೋಡುವವರು ಯಾರು? ನನ್ನ ಮಂಡಿನೋವು ಎಂದಿನಂತೆ ನನ್ನ ಜೊತೆಗೇ ಇದೆ. ಅಪ್ಪನ ಕೈಕಾಲು ಗಟ್ಟಿಯಾಗಿವೆ, ನೆನಪು ಮಾತ್ರ ಪೂರ್ತಿ ಹೋಗಿದೆ. ನನ್ನನ್ನು ಈಗ "ಅಕ್ಕಾವ್ರೇ" ಅಂತ ಕರೆಯುತ್ತಾರೆ. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಇಷ್ಟು ಮರ್ಯಾದೆ ಕಂಡಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಪ್ರಕಾಶಕರು ಹೋದ ವಾರ ಬಂದು, ಅಪ್ಪನ ಪತ್ತೇದಾರಿ ಅಜ್ಜಿಯ ಚಿತ್ರಕಥೆಗಳನ್ನೆಲ್ಲ ಸೇರಿಸಿ ಮಾಡಿದ ದಪ್ಪ ಪುಸ್ತಕ ಕೊಟ್ಟುಹೋದರು. ಹಿಂದಿನ ರಟ್ಟಿನ ಮೇಲೆ ಅಪ್ಪನ ಫೋಟೋ, ಮೀಸೆ ಕಪ್ಪಗಿದ್ದ ಕಾಲದ್ದು. ಆಗ ಒಂದೇ ವಾರದಲ್ಲಿ ಮೂರು ಪತ್ರಿಕೆಗೆ ಬರೆಯುತ್ತಿದ್ದರು. ಚಿತ್ರ ಬರೆಯುವವರು ನಡುಮನೆಯಲ್ಲಿ ಕಾಫಿ ಕುಡಿಯುತ್ತ ಕಾಯುತ್ತಿದ್ದರು. ಪ್ರತಿ ಪುಟವನ್ನೂ ಮೊದಲು ನಿನಗೆ ಓದಿ ಹೇಳಬೇಕು. ನೀನು "ಆಮೇಲೆ?" ಅನ್ನದಿದ್ದರೆ ಆ ಹಾಳೆ ಹರಿದು ಬುಟ್ಟಿಗೆ. ಕ್ಷೌರದಂಗಡಿಯವನು ಈಗಲೂ ಅವರನ್ನು ಕಂಡರೆ ಎದ್ದು ನಿಲ್ಲುತ್ತಾನೆ. "ಪತ್ತೇದಾರಿ ಅಜ್ಜಿನ ಓದೇ ನಾನು ಅಕ್ಷರ ಕಲ್ತಿದ್ದು" ಅನ್ನುತ್ತಾನೆ.

ಆ ಪುಸ್ತಕವನ್ನು ಅಪ್ಪ ಕೆಳಗಿಡುತ್ತಿಲ್ಲ. ಯಾರೋ ಬರೆದದ್ದು ಅಂದುಕೊಂಡೇ ಓದುತ್ತಾರೆ, ಬಿದ್ದು ಬಿದ್ದು ನಗುತ್ತಾರೆ. "ಭಾರಿ ಕಿಲಾಡಿ ಕಣ್ರೀ ಇವರು" ಅಂತ ಬರೆದವರನ್ನು ಹೊಗಳುತ್ತಾರೆ. ತೊಂದರೆ ಕೊನೆಯ ಕಥೆಯದು. ಕಳ್ಳರು ಅಜ್ಜಿಯನ್ನು ಬ್ಯಾಂಕಿನ ತಿಜೋರಿಯೊಳಗೆ ಕೂಡಿಹಾಕಿದ ವಾರವೇ ಅದು ಬರುತ್ತಿದ್ದ ಪತ್ರಿಕೆ ಮುಚ್ಚಿತಲ್ಲ, ಮುಂದಿನದನ್ನು ಅಪ್ಪ ಬರೆಯಲೇ ಇಲ್ಲ. ಆ ಪುಟಕ್ಕೆ ಬಂದರೆ ಅವರ ಮುಖ ಬಾಡುತ್ತದೆ. "ಒಳಗೆ ಗಾಳಿ ಇಲ್ಲ ಅಕ್ಕಾವ್ರೇ, ಏನಾದ್ರೂ ಮಾಡಿ" ಅಂತ ನನ್ನ ಕೈ ಹಿಡಿಯುತ್ತಾರೆ. ನೋಡಲಾರದೆ, ಪೊಲೀಸರು ಬಂದು ಬಾಗಿಲು ತೆಗೆದರು ಅಂದುಬಿಟ್ಟೆ. ರೇಗಿದರು. "ಅಜ್ಜಿ ಯಾವತ್ತಾದ್ರೂ ಪೊಲೀಸ್ರಿಗೆ ಕಾದಿದ್ದಾಳಾ? ಇದನ್ನ ಬರೆದವರು ಹಾಗೆಲ್ಲ ಮಾಡಲ್ಲ!" ಆಮೇಲೆ ಊಟ ಮುಟ್ಟಲಿಲ್ಲ. ನನಗೆ ಅಡುಗೆ ಬರುತ್ತದೆ, ಕಥೆ ಬರುವುದಿಲ್ಲ. ಚಿತ್ರ ಬರೆಯುವವರನ್ನು ಕೇಳಿದೆ, ಅವರಿಗೂ ಹೇಳಿರಲಿಲ್ಲವಂತೆ. ನಿನಗೇನಾದರೂ ಹೇಳಿದ್ದರೇ? ನೆನಪು ಮಾಡಿಕೊಂಡು ಬರೆ ಮಗಳೇ, ನನ್ನ ಕೈಯಲ್ಲಿ ಆಗುತ್ತಿಲ್ಲ.

ಮೈ ಜೋಪಾನ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಪುಸ್ತಕ ಮಗುಚಿ ಆ ಫೋಟೋ ತೋರಿಸಿ, "ಇವರು ಇನ್ನೂ ಇದ್ದಾರಾ?" ಅಂತ ಕೇಳಿದರು. ಇದ್ದಾರೆ ಅಂದೆ, ಇನ್ನೇನು ಹೇಳಲಿ? "ಹಾಗಾದ್ರೆ ಅವರನ್ನೇ ಕೇಳ್ಕೊಂಡು ಬರೋಣ, ನಡೀರಿ" ಅಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಯಾರ ಮನೆಗೆ ಕರೆದುಕೊಂಡು ಹೋಗಲಿ?