ಬಾರ್ಬರಾ ಹಬ್ಬದ ಬಣ್ಣ

ಅಪ್ಪಾ,

ಇವತ್ತು ನಿನ್ನ ಗಣಿಯಲ್ಲಿ ತಪಾಸಣೆ ಮಾಡಿ ಬಂದೆ. ಗಣಿಯವರ ಬಾರ್ಬರಾ ಹಬ್ಬ ಬಂತೆಂದು ಈ ಸಲವೂ ಎಲ್ಲದಕ್ಕೂ ಬಣ್ಣ ಬಳಿದು ಕೂತಿದ್ದಾರೆ. ಸ್ವಿಚ್ ಪೆಟ್ಟಿಗೆಗಳ ಸುರಕ್ಷತಾ ಫಲಕಗಳನ್ನೂ ಬಿಟ್ಟಿಲ್ಲ. ಒಳಗಿನ ಕಿಡಿ ಹೊರಗಿನ ಮೀಥೇನ್‌ಗೆ ತಗಲಿ ಸ್ಫೋಟವಾಗುವುದಿಲ್ಲವೆಂದು ಹೇಳುವುದೇ ಆ ಫಲಕ. ಅದನ್ನೇ ಮುಚ್ಚಿದರೆ ನಾನು ಏನನ್ನು ಓದಲಿ?

"ಹಬ್ಬಕ್ಕೆ ಚೆಂದ ಕಾಣ್ಲಿ ಅಂತ ಬಳಿದ್ವಿ ಕಣಮ್ಮ. ಎಲ್ಲಾ ಸರಿಯಾಗೇ ಇದೆ, ಸೈನ್ ಹಾಕು," ಎಂದರು ನಿನ್ನ ಗೆಳೆಯ, ಮೇಸ್ತ್ರಿ ಅಲೋಯ್ಜಿ.

"ಬಣ್ಣ ಕೆರೆದು ತೆಗೀರಿ ಮಾವ. ಒಂದನ್ನೂ ಬಿಡ್ಬೇಡಿ."

"ಮೊದ್ಲೆಲ್ಲಾ ಇಷ್ಟು ಹಠ ಇರ್ಲಿಲ್ವಲ್ಲ ನಿಂಗೆ," ಎಂದು ಗೊಣಗುತ್ತಲೇ ಬ್ಲೇಡು ಹಿಡಿದರು.

ಕೊನೆಯ ಫಲಕ ಕಾಣುವವರೆಗೂ ನಾನು ಕದಲಲಿಲ್ಲ. ಕೆಳಗಿಳಿದ ನೀನು ಮೇಲೆ ಬಾರದ ವರ್ಷ, ನೀನು ನಡೆಸುತ್ತಿದ್ದ ಪಂಪಿನ ಸ್ವಿಚ್ ಪೆಟ್ಟಿಗೆಯೂ ಹೀಗೇ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಚೆಂದ ಕಾಣುತ್ತಿದೆ ಎಂದು ಹೊಗಳಿಯೇ ಸಹಿ ಹಾಕಿದ್ದೆ.